ಮಗಳದೊಂದು ಗಂಟು, ಅಳಿಯನದೊಂದು ಗಂಟು: ಜೆ-1 ವೀಸಾದ ಎರಡು ವರ್ಷದ ನಿಯಮ

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವನು, ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನನ್ನ ಮಗಳು 2021ರ ಆಗಸ್ಟ್‌ನಿಂದ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಜೆ-1 ವೀಸಾದ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮಾಡುತ್ತಿದ್ದಾಳೆ. ಮೊದಲ ಒಂದು ವರ್ಷ ನಮ್ಮ ಕೇಂದ್ರ ಸರ್ಕಾರದ ಫೆಲೋಶಿಪ್ ಇತ್ತು, ಆಮೇಲೆ ಅಲ್ಲಿಯ ಪ್ರೊಫೆಸರೇ ಸಂಬಳ ಕೊಡುತ್ತಿದ್ದಾರೆ. ಅಳಿಯ ಡಾಕ್ಟರು. ಅವರೂ ಜೆ-1ರಲ್ಲೇ ಇದ್ದಾರೆ, ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ (ಆಸ್ಪತ್ರೆಯಲ್ಲಿ ಮಾಡುವ ತರಬೇತಿ) ಎರಡನೇ ವರ್ಷ. ಒಂದು ವರ್ಷದ ಮೊಮ್ಮಗ ಇದ್ದಾನೆ, ಹುಟ್ಟಿದ್ದು ಅಲ್ಲೇ. ಇಬ್ಬರ ವೀಸಾ ಮೇಲೂ, ಮುಗಿದ ಮೇಲೆ ಭಾರತಕ್ಕೆ ಬಂದು ಇರಬೇಕೆನ್ನುವ ಎರಡು ವರ್ಷದ ನಿಯಮ ಅನ್ವಯಿಸುತ್ತದೆ ಎಂದು ಅಚ್ಚಾಗಿದೆ. ಮಗಳ ಐದು ವರ್ಷ ಬರುವ ಆಗಸ್ಟ್‌ಗೆ ಮುಗಿಯುತ್ತದೆ. ವಿಶ್ವವಿದ್ಯಾಲಯ ಎಚ್-1ಬಿ ಎನ್ನುವ ಕೆಲಸದ ವೀಸಾ ಮಾಡಿಕೊಡಲು ತಯಾರಿದೆ, ಆದರೆ ಮೊದಲು ವೇವರ್ (ಆ ನಿಯಮದಿಂದ ವಿನಾಯಿತಿ) ತನ್ನಿ ಅನ್ನುತ್ತಿದೆ. ಅದಕ್ಕೆ ಬೇಕಾದ, ಭಾರತಕ್ಕೆ ಮರಳುವ ಬಾಧ್ಯತೆ ಇಲ್ಲ ಎನ್ನುವ ನೋರಿ ಸರ್ಟಿಫಿಕೇಟ್‌ಗಾಗಿ ನಾನು ನಾಲ್ಕು ತಿಂಗಳಿಂದ ಬೆಂಗಳೂರಿಗೆ ಓಡಾಡುತ್ತಿದ್ದೇನೆ. ಈಗ ಒಬ್ಬ ಏಜೆಂಟರು, '2024ರ ಡಿಸೆಂಬರ್ ಆದ ಮೇಲೆ ಭಾರತದವರಿಗೆ ಇದೆಲ್ಲ ಬೇಡವೇ ಬೇಡ' ಅನ್ನುತ್ತಾರೆ. ನಮ್ಮ ಸಂಬಂಧಿಕರೊಬ್ಬರು, 'ಏನೂ ಬದಲಾಗಿಲ್ಲ' ಅನ್ನುತ್ತಾರೆ. ಮಗಳು, 'ಅಪ್ಪಾ, ಓಡಾಡಿದ್ದು ಸಾಕು, ನಾನು ಇವರ ಹೆಂಡತಿಯಾಗಿ ಜೆ-2 ವೀಸಾಗೆ ಹೋಗ್ತೀನಿ' ಅಂತಾಳೆ. ಮೊಮ್ಮಗ ಅಮೆರಿಕದ ಪ್ರಜೆ ಆಗಿರುವುದರಿಂದ ಏನಾದರೂ ಅನುಕೂಲ ಇದೆಯಾ? ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ಏಜೆಂಟರು ಹೇಳಿದ್ದು ಅರ್ಧ ಸರಿ. ನಿಮ್ಮ ಸಂಬಂಧಿಕರು ಹೇಳಿದ್ದೂ ಅರ್ಧ ಸರಿ. ಮಗಳು ಹೇಳಿದ್ದು ಮಾತ್ರ ಪೂರ್ತಿ ತಪ್ಪು. ಆ ಜೆ-2 ಯೋಚನೆಯನ್ನು ಸದ್ಯಕ್ಕೆ ಕೈಬಿಡಲು ಹೇಳಿ. ಏಕೆ ಅಂತ ಮುಂದೆ ಬರೆಯುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ನೀವು ಸುಮ್ನೆ ದಾರಿಯಲ್ಲಿ ಹೇಳಿಹೋದ ಒಂದು ಮಾತಿನ ಮೇಲೆ: 'ಮೊದಲ ಒಂದು ವರ್ಷ ನಮ್ಮ ಕೇಂದ್ರ ಸರ್ಕಾರದ ಫೆಲೋಶಿಪ್ ಇತ್ತು.' ಆ ಒಂದು ಮಾತು ಇರದಿದ್ದರೆ ಈ ಉತ್ತರ ನಾಲ್ಕು ಸಾಲಿಗೆ ಮುಗಿಯುತ್ತಿತ್ತು. ನೀವು ನಾಳೆಯಿಂದ ಬೆಂಗಳೂರು ಬಸ್ಸು ಹತ್ತುವುದೂ ತಪ್ಪುತ್ತಿತ್ತು.

ಮೊದಲು ನಿಯಮ ಏನು ಅಂತ ನೋಡೋಣ. ಜೆ-1 ಅನ್ನುವುದು ವಿನಿಮಯ ವೀಸಾ. ಬೇರೆ ದೇಶದವರು ಬಂದು ಕಲಿಯಲಿ, ಕಲಿತದ್ದನ್ನು ತಮ್ಮ ದೇಶಕ್ಕೆ ಒಯ್ಯಲಿ ಅನ್ನುವುದು ಅದರ ಹಿಂದಿನ ಆಸೆ. ಬಂದವರು ಅಲ್ಲೇ ಉಳಿಯತೊಡಗಿದಾಗ 1956ರಲ್ಲಿ ಅಮೆರಿಕದ ಕಾಂಗ್ರೆಸ್ ಕಾನೂನಿನಲ್ಲೇ ಒಂದು ಕಟ್ಟು ಹಾಕಿತು: ಎರಡು ವರ್ಷ ನಿಮ್ಮ ದೇಶದಲ್ಲಿ ಇದ್ದು ಬನ್ನಿ. ಇವತ್ತು ಅದು ವಲಸೆ ಕಾನೂನಿನ 212(ಇ) ಕಲಂ. ಈ ಕಟ್ಟು ಇರುವವರಿಗೆ ಎಚ್ ವೀಸಾ ಇಲ್ಲ, ಕಂಪನಿಯೊಳಗಿನ ವರ್ಗಾವಣೆಯ ಎಲ್ ವೀಸಾ ಇಲ್ಲ, ಅಮೆರಿಕದ ಪ್ರಜೆಯನ್ನು ಮದುವೆಯಾಗುವವರಿಗೆ ಕೊಡುವ ಕೆ ವೀಸಾ ಇಲ್ಲ, ಗ್ರೀನ್ ಕಾರ್ಡ್ ಇಲ್ಲ. ಅಮೆರಿಕದ ಒಳಗೆ ಕೂತುಕೊಂಡೇ ವೀಸಾ ಬಗೆ ಬದಲಾಯಿಸಿಕೊಳ್ಳುವುದೂ ಬಹುಮಟ್ಟಿಗೆ ಆಗುವುದಿಲ್ಲ. ಪ್ರವಾಸಿ ವೀಸಾ, ವಿದ್ಯಾರ್ಥಿ ವೀಸಾ, ವಿಶೇಷ ಪ್ರತಿಭೆಯವರ ಒ-1 ವೀಸಾಗಳಿಗೆ ಈ ಅಡ್ಡಿ ಇಲ್ಲ, ಆದರೆ ಅವನ್ನು ಹೊರದೇಶದ ಕಾನ್ಸುಲೇಟ್‌ಗೆ ಹೋಗಿಯೇ ಪಡೆಯಬೇಕು. ಒ-1 ಸಿಕ್ಕಿತು ಅಂದರೆ ಗಂಟು ಬಿಚ್ಚಿತು ಅಂತಲ್ಲ. ಅದು ಹಾಗೇ ಇರುತ್ತದೆ, ಗ್ರೀನ್ ಕಾರ್ಡ್ ಹೊತ್ತಿಗೆ ಮತ್ತೆ ಕಾಲಿಗೆ ತೊಡರುತ್ತದೆ.

ಎರಡು ವರ್ಷ ಒಂದೇ ಸಮನೆ ಇರಬೇಕಿಲ್ಲ. ಬಿಡಿಬಿಡಿಯಾಗಿ ಕೂಡಿಸಿ ಎರಡು ವರ್ಷ ಆದರೂ ಆಯಿತು. ಆದರೆ ಭಾರತದಲ್ಲೇ ಇರಬೇಕು. ದುಬೈಯಲ್ಲೋ ಕೆನಡಾದಲ್ಲೋ ಕೆಲಸ ಮಾಡಿ ಎರಡು ವರ್ಷ ಕಳೆದರೆ ಲೆಕ್ಕಕ್ಕೆ ಇಲ್ಲ. ಇದನ್ನು ತಿಳಿಯದೆ ಕೊಲ್ಲಿಯಲ್ಲಿ ಮೂರು ವರ್ಷ ದುಡಿದು, 'ಅಮೆರಿಕ ಬಿಟ್ಟು ಮೂರು ವರ್ಷ ಆಯ್ತಲ್ಲ' ಎಂದು ನನ್ನ ಹತ್ತಿರ ಬಂದವರಿದ್ದಾರೆ.

ಈ ನಿಯಮ ಜೆ-1ರ ಎಲ್ಲರಿಗೂ ಇಲ್ಲ. ಮೂರು ಕೊಕ್ಕೆಗಳಿವೆ. ಒಂದಾದರೂ ಸಿಕ್ಕಿಕೊಂಡರೆ ಮಾತ್ರ ನಿಯಮ. ನಿಮ್ಮ ಏಜೆಂಟರು ಒಂದನ್ನು ಮಾತ್ರ ನೋಡಿದ್ದಾರೆ. ಅದು ಕೌಶಲ ಪಟ್ಟಿ. ಯಾವ ದೇಶಕ್ಕೆ ಯಾವ ವಿದ್ಯೆಯವರು ಬೇಕು ಅಂತ ಅಮೆರಿಕದ ವಿದೇಶಾಂಗ ಇಲಾಖೆ 1972ರಿಂದ ಒಂದು ಪಟ್ಟಿ ಇಟ್ಟುಕೊಂಡಿದೆ. 2009ರ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ ಇಂಜಿನಿಯರಿಂಗ್, ಜೀವವಿಜ್ಞಾನದಂಥ ಎಷ್ಟೋ ವಿಷಯಗಳಿದ್ದವು. ನಮ್ಮ ಪೋಸ್ಟ್‌ಡಾಕ್ ಹುಡುಗ ಹುಡುಗಿಯರು ಹೆಚ್ಚಿನವರು ಸಿಕ್ಕಿಬೀಳುತ್ತಿದ್ದದ್ದು ಇದರಲ್ಲೇ. 2024ರ ಡಿಸೆಂಬರ್ 9ರಂದು ಹೊಸ ಪಟ್ಟಿ ಬಂತು. ಅದರಲ್ಲಿ ಭಾರತದ ಹೆಸರೇ ಇಲ್ಲ. ಚೀನಾ, ದಕ್ಷಿಣ ಕೊರಿಯಾ, ಬ್ರೆಜಿಲ್ ಕೂಡ ಹೋದವು. ಅದಕ್ಕಿಂತ ಒಳ್ಳೆಯ ಸುದ್ದಿ ಅಂದರೆ ಇದು ಹಿಂದಿನವರಿಗೂ ಅನ್ವಯಿಸುತ್ತದೆ. 2015ರಲ್ಲಿ ಹೋದವರಾಗಲಿ, 2021ರಲ್ಲಿ ಹೋದವರಾಗಲಿ, ಬರೀ ಕೌಶಲ ಪಟ್ಟಿಯ ಕಾರಣಕ್ಕೆ ಸಿಕ್ಕಿಕೊಂಡಿದ್ದ ಭಾರತೀಯರಿಗೆ ಗಂಟು ತಾನಾಗಿ ಬಿಚ್ಚಿದ ಹಾಗೆ. ವೇವರ್ ಬೇಡ, ನೋರಿ ಬೇಡ, ಅರ್ಜಿಯೂ ಬೇಡ. ಹಳೆಯ ವೀಸಾ ಮೇಲೆ ಏನು ಅಚ್ಚಾಗಿದ್ದರೂ ಸರಿ.

'ಬರೀ' ಅನ್ನುವ ಪದದ ಮೇಲೆ ಒತ್ತು ಕೊಟ್ಟು ಓದಿ. ಎರಡನೇ ಕೊಕ್ಕೆ ಸರ್ಕಾರದ ದುಡ್ಡು. ವಿನಿಮಯಕ್ಕಾಗಿ ಅಮೆರಿಕ ಸರ್ಕಾರವಾಗಲಿ, ನಮ್ಮ ಸರ್ಕಾರವಾಗಲಿ ಪೂರ್ತಿಯೋ ಸ್ವಲ್ಪವೋ ದುಡ್ಡು ಕೊಟ್ಟಿದ್ದರೆ ನಿಯಮ ಅನ್ವಯ. ಹೊಸ ಪಟ್ಟಿ ಇದನ್ನು ಮುಟ್ಟಿಲ್ಲ. ಐದು ವರ್ಷದಲ್ಲಿ ನಾಲ್ಕು ವರ್ಷ ಪ್ರೊಫೆಸರೇ ಸಂಬಳ ಕೊಟ್ಟಿರಬಹುದು. ಆದರೆ ಮೊದಲ ವರ್ಷದ ಫೆಲೋಶಿಪ್ ಸಾಕು. 'ಸ್ವಲ್ಪ' ಅಂದರೆ ಎಷ್ಟು ಎಂದು ಕಾನೂನು ಗೆರೆ ಎಳೆದಿಲ್ಲ.

ಹಾಗಂತ ಮಗಳ ವೀಸಾ ಮೇಲಿನ ಅಚ್ಚೇ ಕೊನೆಯ ಮಾತು ಎಂದುಕೊಳ್ಳಬೇಡಿ. ಅದು ಕಾನ್ಸುಲೇಟ್ ಅಧಿಕಾರಿ ಆ ದಿನ ನೋಡಿ ಹಾಕಿದ ಮೊದಲ ಅಭಿಪ್ರಾಯ ಅಷ್ಟೇ. ಎಷ್ಟೋ ಸಲ ತಪ್ಪಿರುತ್ತದೆ, ಎರಡೂ ಕಡೆಗೆ. ಅವಳ ಹತ್ತಿರ ಡಿಎಸ್-2019 ಅನ್ನುವ ಫಾರಂಗಳು ಇರುತ್ತವೆ, ಪ್ರತಿ ಸಲ ಅವಧಿ ವಿಸ್ತರಿಸಿದಾಗ ಹೊಸದು. 2021ರ ಮೊದಲ ಫಾರಂ ತೆಗೆದು 5ನೇ ಕಲಂ ನೋಡಲು ಹೇಳಿ. ದುಡ್ಡು ಯಾರು ಕೊಡುತ್ತಾರೆ ಅಂತ ಅಲ್ಲಿ ಡಾಲರ್ ಲೆಕ್ಕದಲ್ಲಿ ಬರೆದಿರುತ್ತದೆ. ಅಲ್ಲಿ 'ಸಂದರ್ಶಕರ ಸರ್ಕಾರ' ಅನ್ನುವ ಸಾಲಿನ ಮುಂದೆ ಮೊತ್ತ ಇದ್ದರೆ ವಾದ ಮಾಡುವುದೇನೂ ಉಳಿಯಲಿಲ್ಲ. ಗೊಂದಲ ಇದ್ದರೆ ವಿದೇಶಾಂಗ ಇಲಾಖೆಯ ವೇವರ್ ಪರಿಶೀಲನಾ ವಿಭಾಗಕ್ಕೆ ಎಲ್ಲ ಡಿಎಸ್-2019ಗಳ ಪ್ರತಿ ಕಳಿಸಿ, 'ನನಗೆ ನಿಯಮ ಅನ್ವಯಿಸುತ್ತದೋ ಇಲ್ಲವೋ ಹೇಳಿ' ಎಂದು ಕೇಳಬಹುದು. ಇದಕ್ಕೆ ಸಲಹಾ ಅಭಿಪ್ರಾಯ ಎನ್ನುತ್ತಾರೆ. ಶುಲ್ಕ ಇಲ್ಲ. ಕೇಳುವಾಗ ಫೆಲೋಶಿಪ್ ವಿಷಯ ಮುಚ್ಚಿಡಬಾರದು, ಅಷ್ಟೇ. ಮುಚ್ಚಿಟ್ಟು ಪಡೆದ ಅಭಿಪ್ರಾಯ ಗ್ರೀನ್ ಕಾರ್ಡ್ ಸಂದರ್ಶನದಲ್ಲಿ ತಿರುಗಿ ಹೊಡೆಯುತ್ತದೆ.

ಪ್ರೊಫೆಸರ್ ಕೊಡುವ ಸಂಬಳದ ಬಗ್ಗೆ ಭಯ ಬೇಡ. ಅದು ಅಮೆರಿಕ ಸರ್ಕಾರದ ಸಂಶೋಧನಾ ಅನುದಾನದಿಂದ ಬಂದಿದ್ದರೂ ಸಾಮಾನ್ಯವಾಗಿ ಸರ್ಕಾರದ ದುಡ್ಡು ಎಂದು ಹಿಡಿಯುವುದಿಲ್ಲ. ಆ ಅನುದಾನ ಕೊಟ್ಟದ್ದು ಸಂಶೋಧನೆಗೆ, ಮಗಳನ್ನು ಕರೆಸಿಕೊಳ್ಳುವುದಕ್ಕಲ್ಲ. ಫುಲ್‌ಬ್ರೈಟ್‌ನಂಥದ್ದು ಬೇರೆ ಮಾತು. ಅದು ಅಮೆರಿಕ ಸರ್ಕಾರ ವಿನಿಮಯಕ್ಕೆಂದೇ ಕೊಡುವ ದುಡ್ಡು. ಫುಲ್‌ಬ್ರೈಟ್ ಮೇಲೆ ಹೋದವರಿಗೆ ವೇವರ್ ಸಿಗುವುದು ಬಹಳ ಕಷ್ಟ. ಆ ಲೆಕ್ಕದಲ್ಲಿ ನಿಮ್ಮ ಮಗಳ ಗಂಟು ಸಡಿಲ. ದುಡ್ಡು ಕೊಟ್ಟದ್ದು ನಮ್ಮ ಸರ್ಕಾರ, 'ನಮ್ಮದೇನೂ ಆಕ್ಷೇಪ ಇಲ್ಲ' ಎಂದು ಹೇಳಬೇಕಾದದ್ದೂ ನಮ್ಮ ಸರ್ಕಾರವೇ.

ಅಂದರೆ ನೋರಿ ಬೇಕು. ನಿಮ್ಮ ನಾಲ್ಕು ತಿಂಗಳ ಓಡಾಟ ವ್ಯರ್ಥ ಆಗಿಲ್ಲ. ನೋರಿ ಅಂದರೆ ಭಾರತಕ್ಕೆ ಮರಳಲೇಬೇಕಾದ ಬಾಧ್ಯತೆ ಇವರಿಗಿಲ್ಲ ಎನ್ನುವ ಪತ್ರ. ಇದಕ್ಕೆ ಒಂದೇ ಕಿಟಕಿ ಇಲ್ಲದಿರುವುದೇ ದೊಡ್ಡ ತಲೆನೋವು. ದೆಹಲಿಯ ಶಿಕ್ಷಣ ಸಚಿವಾಲಯ ಒಂದು ಕಡೆ, ರಾಜ್ಯ ಸರ್ಕಾರ ಇನ್ನೊಂದು ಕಡೆ, ಪಾಸ್‌ಪೋರ್ಟ್ ಕಚೇರಿ ಮತ್ತೊಂದು ಕಡೆ. ಮೂರೂ ಕಡೆಯ ಒಪ್ಪಿಗೆ ಆದ ಮೇಲೆ ವಾಷಿಂಗ್‌ಟನ್‌ನ ನಮ್ಮ ರಾಯಭಾರ ಕಚೇರಿ ಕೊನೆಯ 'ಆಕ್ಷೇಪ ಇಲ್ಲ' ಪತ್ರವನ್ನು ಅಮೆರಿಕದ ವಿದೇಶಾಂಗ ಇಲಾಖೆಗೆ ನೇರವಾಗಿ ಕಳಿಸುತ್ತದೆ. ಮಗಳ ಕೈಗೆ ಕೊಟ್ಟು, ಅವಳು ಕಳಿಸಿದರೆ ನಡೆಯುವುದಿಲ್ಲ. ನೀವು ಬೆಂಗಳೂರಿನಲ್ಲಿ ಹಿಡಿದಿರುವುದು ಈ ಮೂರರಲ್ಲಿ ಒಂದು ಎಳೆ ಮಾತ್ರ. ಉಳಿದೆರಡು ಎಳೆ ಎಲ್ಲಿವೆ ಅಂತ ಮಗಳನ್ನು ಇವತ್ತೇ ಕೇಳಿ. ಒಂದು ಮುಗಿಯಲಿ, ಆಮೇಲೆ ಇನ್ನೊಂದು ಅಂತ ಕೂತವರೇ ಹೆಚ್ಚು ತಡ ಮಾಡಿಕೊಂಡಿದ್ದಾರೆ. ಒಟ್ಟಿಗೇ ಓಡಿಸಿ.

ಇಷ್ಟು ಹೊತ್ತಿಗೆ ಮಗಳು ಅಲ್ಲಿ ಡಿಎಸ್-3035 ಅರ್ಜಿ ಆನ್‌ಲೈನ್‌ನಲ್ಲಿ ತುಂಬಿರಬೇಕು. ಅದರ ಶುಲ್ಕ 120 ಡಾಲರ್. ತುಂಬಿದ ಕೂಡಲೇ ಒಂದು ಕೇಸ್ ನಂಬರ್ ಬರುತ್ತದೆ. ರಾಯಭಾರ ಕಚೇರಿಯ ಪತ್ರದಲ್ಲಿ ಆ ನಂಬರ್ ಇರಬೇಕು. ಇಲ್ಲದಿದ್ದರೆ ಪತ್ರ ಒಂದು ಕಡೆ, ಕಡತ ಒಂದು ಕಡೆ ಆಗಿ ತಿಂಗಳುಗಟ್ಟಲೆ ಒಂದನ್ನೊಂದು ಹುಡುಕುತ್ತಾ ಇರುತ್ತವೆ. ಎಲ್ಲ ಸೇರಿದ ಮೇಲೆ ವಿದೇಶಾಂಗ ಇಲಾಖೆ ಶಿಫಾರಸು ಮಾಡುತ್ತದೆ. ಮಂಜೂರು ಮಾಡುವುದು ಅದಲ್ಲ, ವಲಸೆ ಇಲಾಖೆ. ಕೈಗೆ ಬರಬೇಕಾದದ್ದು ಐ-612 ಮಂಜೂರಾತಿ ಪತ್ರ. ಶಿಫಾರಸು ಬಂತು ಅಂತ ಸಿಹಿ ಹಂಚಿ, ಮಂಜೂರಾತಿಗೆ ಕಾಯದೆ ಊರಿಗೆ ಹೊರಟು ನಿಂತವರನ್ನೂ ನೋಡಿದ್ದೇನೆ.

ಫೆಲೋಶಿಪ್‌ಗೆ ಬಾಂಡ್ ಬರೆದುಕೊಟ್ಟಿದ್ದಳಾ ಅಂತಲೂ ಕೇಳಿ. ಮುಗಿದ ಮೇಲೆ ಬಂದು ಇಷ್ಟು ವರ್ಷ ಕೆಲಸ ಮಾಡುತ್ತೇನೆ ಎಂದು ಸಹಿ ಹಾಕಿದ್ದರೆ ಅದು ಅವಳ ಮತ್ತು ದುಡ್ಡು ಕೊಟ್ಟ ಸಂಸ್ಥೆಯ ನಡುವಿನ ಲೆಕ್ಕ. ಅಮೆರಿಕ ವೇವರ್ ಕೊಟ್ಟಿತು ಎಂದು ಆ ಬಾಂಡ್ ಹರಿದುಹೋಗುವುದಿಲ್ಲ. ನೋರಿಗೆ ಒಪ್ಪಿಗೆ ಕೇಳುವಾಗ ಯಾರಾದರೂ ಈ ಹಳೇ ಕಾಗದ ಮುಂದಿಟ್ಟು ಕೇಳಿದರೆ ಉತ್ತರ ತಯಾರಿರಲಿ.

ಇನ್ನು ಜೆ-2 ವಿಷಯ. ನಿಮ್ಮ ಪತ್ರ ಓದುವಾಗ ನನಗೆ ನಿಜವಾಗಿ ಗಾಬರಿ ಆದದ್ದು ಇಲ್ಲಿ.

ಅಳಿಯನವರದ್ದು ಮೂರನೇ ಕೊಕ್ಕೆ. 1976ರಲ್ಲಿ ಕಾನೂನಿಗೆ ಸೇರಿದ್ದು. ಅಮೆರಿಕದಲ್ಲಿ ರೆಸಿಡೆನ್ಸಿಯೋ ಅದರ ಮುಂದಿನ ತಜ್ಞ ತರಬೇತಿಯಾದ ಫೆಲೋಶಿಪ್ಪೋ ಮಾಡಲು ಜೆ-1ರಲ್ಲಿ ಬಂದ ಪ್ರತಿಯೊಬ್ಬ ಡಾಕ್ಟರಿಗೂ ಎರಡು ವರ್ಷದ ನಿಯಮ ಇದ್ದೇ ಇದೆ. ಯಾವ ದೇಶ, ಯಾರ ದುಡ್ಡು, ಯಾವ ಪಟ್ಟಿ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಅವರು ಹೊರಡುವ ಮುಂಚೆ ದೆಹಲಿಯ ಆರೋಗ್ಯ ಸಚಿವಾಲಯದಿಂದ 'ಇವರ ವಿದ್ಯೆ ನಮ್ಮ ದೇಶಕ್ಕೆ ಬೇಕಾಗಿದೆ' ಎನ್ನುವ ಪತ್ರ ತಂದಿರುತ್ತಾರೆ, ಮರಳಿ ಬರುತ್ತೇನೆ ಎಂದು ತಾವೂ ಬರೆದುಕೊಟ್ಟಿರುತ್ತಾರೆ. 2024ರ ಹೊಸ ಪಟ್ಟಿಯಿಂದ ಅವರಿಗೆ ಒಂದು ಸಾಸಿವೆಯಷ್ಟೂ ಬದಲಾಗಿಲ್ಲ. ನಿಮ್ಮ ಸಂಬಂಧಿಕರು ಸರಿ ಇರುವುದು ಇಲ್ಲಿ.

ಜೆ-1ಗೆ ನಿಯಮ ಇದ್ದರೆ ಅವರ ಜೆ-2 ಸಂಗಾತಿಗೂ ಅದೇ ನಿಯಮ ಅಂಟುತ್ತದೆ. ಮಗಳು ಜೆ-2 ತೆಗೆದುಕೊಂಡಳು ಎಂದಿಟ್ಟುಕೊಳ್ಳಿ. ಅವಳ ಸ್ವಂತ ಗಂಟು, ಸರ್ಕಾರದ ದುಡ್ಡಿನದು, ಹಾಗೇ ಇರುತ್ತದೆ. ಅದರ ಮೇಲೆ ಗಂಡನ ಡಾಕ್ಟರ್ ಗಂಟೂ ಬಿಗಿಯುತ್ತದೆ. ಮೂರು ಗಂಟು ಹಾಕಿ ಆದ ಮದುವೆಯಲ್ಲಿ ನಾಲ್ಕನೆಯದು, ಐದನೆಯದು ಯಾಕೆ ಬೇಕು? ಮುಂದೆ ಅಳಿಯನವರಿಗೆ ವೇವರ್ ಸಿಕ್ಕರೆ ಜೆ-2 ಆಗಿ ಅಂಟಿದ ಗಂಟು ಅದರ ಜೊತೆಗೇ ಬಿಚ್ಚುತ್ತದೆ, ನಿಜ. ಅವಳ ಸ್ವಂತದ್ದು ಬಿಚ್ಚುವುದಿಲ್ಲ. ಅಳಿಯ ಎಚ್-1ಬಿಗೆ ಹೋದ ದಿನ ಅವಳ ಜೆ-2 ಮುಗಿಯುತ್ತದೆ. ಆಗ ಅವಳು ಎಚ್-1ಬಿಯವರ ಸಂಗಾತಿಗೆ ಕೊಡುವ ಎಚ್-4ಗೆ ಹೋಗಬೇಕು, ಅಲ್ವಾ? ಎಚ್-4 ಕೂಡ ಎಚ್ ವೀಸಾವೇ. ಸ್ವಂತ ಗಂಟು ಇರುವತನಕ ಅದೂ ಸಿಗದು. ಗಂಡನಿಗೆ ಕೆಲಸ, ವೀಸಾ ಎಲ್ಲ ಸರಿಹೋಗಿದೆ, ಹೆಂಡತಿ ಮಗುವಿನ ಜೊತೆ ವಿಮಾನ ಹತ್ತಬೇಕು. ಇಂಥ ಒಂದು ಸಂಸಾರಕ್ಕೆ ನಾನು ಫೋನಿನಲ್ಲಿ ಈ ಸುದ್ದಿ ಹೇಳಬೇಕಾಗಿ ಬಂದಿತ್ತು. ಆ ಕಡೆ ಎಷ್ಟೋ ಹೊತ್ತು ಮಾತೇ ಇರಲಿಲ್ಲ.

ಹಾಗಾಗಿ ಮಗಳದ್ದನ್ನು ಮೊದಲು ಬಿಚ್ಚಿ. ಆಗಸ್ಟ್‌ಗೆ ಮುಂಚೆ ವೇವರ್ ಮಂಜೂರಾದರೆ ವಿಶ್ವವಿದ್ಯಾಲಯ ಅವಳನ್ನು ಜೆ-1ರಿಂದ ನೇರವಾಗಿ ಎಚ್-1ಬಿಗೆ ಅಮೆರಿಕದ ಒಳಗೇ ಬದಲಾಯಿಸಬಹುದು. ಅರ್ಜಿಗಳಲ್ಲಿ ಚೀಟಿ ಎತ್ತುವ ಎಚ್-1ಬಿ ಲಾಟರಿ ವಿಶ್ವವಿದ್ಯಾಲಯಗಳಿಗೆ ಇಲ್ಲ. ಜೆ-2 ಮುಟ್ಟುವ ಪ್ರಮೇಯವೇ ಬರುವುದಿಲ್ಲ.

ಒಳಗೇ ಬದಲಾಯಿಸುವುದಕ್ಕೆ ಈಗ ಇನ್ನೊಂದು ಕಾರಣವೂ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಅಧ್ಯಕ್ಷರ ಆದೇಶದ ಪ್ರಕಾರ ಹೊರದೇಶದಲ್ಲಿ ಇರುವವರಿಗಾಗಿ ಹಾಕುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಕಟ್ಟಬೇಕು. ಅಮೆರಿಕದ ಒಳಗೆ ಇದ್ದು ವೀಸಾ ಬಗೆ ಬದಲಾಯಿಸಿಕೊಳ್ಳುವವರಿಗೆ ಅದು ಇಲ್ಲ ಎಂದು ವಲಸೆ ಇಲಾಖೆ ಅಕ್ಟೋಬರ್‌ನಲ್ಲಿ ಸ್ಪಷ್ಟ ಮಾಡಿತು. ವೇವರ್ ಇಲ್ಲದೆ ಒಳಗೆ ಬದಲಾವಣೆ ಇಲ್ಲ. ಹಾಗಾಗಿ 120 ಡಾಲರ್ ಅರ್ಜಿ ತಡವಾದರೆ ಮುಂದೆ ಲಕ್ಷ ಡಾಲರ್ ಪ್ರಶ್ನೆ ಎದುರಾಗಬಹುದು. ಯಾವ ವಿಶ್ವವಿದ್ಯಾಲಯ ಒಬ್ಬ ಪೋಸ್ಟ್‌ಡಾಕ್‌ಗೆ ಅಷ್ಟು ಕಟ್ಟೀತು? ಇಂಥ ಆದೇಶಗಳು ಹೇಳದೆ ಕೇಳದೆ ಬದಲಾಗುತ್ತವೆ. ಅರ್ಜಿ ಹಾಕುವ ವಾರ ಏನು ಜಾರಿಯಲ್ಲಿದೆ ಅಂತ ಅಲ್ಲಿಯ ಅಂತರರಾಷ್ಟ್ರೀಯ ಕಚೇರಿಯನ್ನು ಮತ್ತೆ ಕೇಳಿಕೊಳ್ಳಲಿ.

ಒಂದು ಎಚ್ಚರಿಕೆ. ವೇವರ್ ಶಿಫಾರಸು ಬಂದ ಮೇಲೆ ಜೆ-1 ಅವಧಿಯನ್ನು ವಿಸ್ತರಿಸಲು ಆಗುವುದಿಲ್ಲ. ಅವಳ ಈಗಿನ ಡಿಎಸ್-2019 ಆಗಸ್ಟ್‌ವರೆಗೂ ಇದೆಯೋ, ಇಲ್ಲ ಮಾರ್ಚ್‌ಗೋ ಏಪ್ರಿಲ್‌ಗೋ ಮುಗಿಯುತ್ತದೋ ನೋಡಲಿ. ನಡುವೆ ಮುಗಿಯುವಂತಿದ್ದರೆ ಶಿಫಾರಸು ಬರುವ ಮುಂಚೆಯೇ ಆಗಸ್ಟ್‌ವರೆಗೆ ಮಾಡಿಸಿಕೊಳ್ಳಲಿ. ಇನ್ನೊಂದು, ಸಂಶೋಧಕರ ಜೆ-1 ಮುಗಿಸಿದವರು ಅದೇ ಬಗೆಯ ಜೆ-1ರಲ್ಲಿ 24 ತಿಂಗಳು ವಾಪಸ್ ಬರುವಂತಿಲ್ಲ ಎನ್ನುವ ನಿಯಮವಿದೆ. ಅದೂ ಎರಡು ವರ್ಷವೇ ಆದ್ದರಿಂದ ಜನ ಎರಡನ್ನೂ ಕಲಸಿಬಿಡುತ್ತಾರೆ. ಅದು ಬೇರೆ, ಇದು ಬೇರೆ. ಅದಕ್ಕೆ ವೇವರ್ ಇಲ್ಲ, ಎಚ್-1ಬಿಗೆ ಅದು ಅಡ್ಡವೂ ಅಲ್ಲ.

ಈಗ ಅಳಿಯನವರ ವಿಷಯ. ಅವರಿಗಾಗಿ ನೋರಿ ಹುಡುಕಿಕೊಂಡು ಹೋಗಬೇಡಿ. ರೆಸಿಡೆನ್ಸಿಗೆ ಬಂದ ಡಾಕ್ಟರಿಗೆ 'ಆಕ್ಷೇಪ ಇಲ್ಲ' ಪತ್ರದ ದಾರಿಯನ್ನು ಅಮೆರಿಕದ ಕಾನೂನೇ ಮುಚ್ಚಿದೆ. ನಮ್ಮ ಆರೋಗ್ಯ ಸಚಿವಾಲಯವೂ 2011ರಿಂದ ಡಾಕ್ಟರುಗಳಿಗೆ ನೋರಿ ಕೊಡುವುದನ್ನು ನಿಲ್ಲಿಸಿದೆ, 65 ದಾಟಿದವರಿಗೆ ಬಿಟ್ಟು. ಯಾರಾದರೂ 'ಡಾಕ್ಟರಿಗೂ ಮಾಡಿಸಿಕೊಡ್ತೀನಿ' ಅಂದರೆ ಅಲ್ಲಿಂದ ಎದ್ದು ಬನ್ನಿ.

ಅವರ ದಾರಿ ಬೇರೆ. ಅಮೆರಿಕದ ಹಳ್ಳಿಗಾಡಿನಲ್ಲಿ, ಬಡವರ ಬಡಾವಣೆಗಳಲ್ಲಿ ಡಾಕ್ಟರು ಸಿಗುವುದಿಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಳು ನಿಮಗೆ ಗೊತ್ತಲ್ಲ, ಅಲ್ಲೂ ಅದೇ ಕಥೆ. ಉತ್ತರ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲಿ ಒಂದು ದಾರಿ ಮಾಡಿದರು. ಡಾಕ್ಟರ ಕೊರತೆ ಇರುವ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಿದರೆ ಎರಡು ವರ್ಷದ ನಿಯಮಕ್ಕೆ ಮಾಫಿ. ಮೊದಲು ಪ್ರತಿ ರಾಜ್ಯಕ್ಕೆ ವರ್ಷಕ್ಕೆ 20 ಜಾಗ, 2002ರಿಂದ 30. ಹಾಗಾಗಿ ಡಾಕ್ಟರುಗಳ ಬಾಯಲ್ಲಿ ಇದು 'ಕಾನ್ರಾಡ್ 30'. ಆ 30ರಲ್ಲಿ 10 ಜಾಗವನ್ನು ಕೊರತೆಯ ಪ್ರದೇಶದ ಹೊರಗಿದ್ದರೂ ಅಲ್ಲಿಯ ರೋಗಿಗಳನ್ನು ನೋಡುವ ಆಸ್ಪತ್ರೆಗೆ ಕೊಡಬಹುದು. ವಾರಕ್ಕೆ 40 ಗಂಟೆ ದುಡಿಯಬೇಕು. ವೇವರ್ ಸಿಕ್ಕ 90 ದಿನದೊಳಗೆ ಕೆಲಸಕ್ಕೆ ಸೇರಬೇಕು. ಮೂರೂ ವರ್ಷ ಎಚ್-1ಬಿಯಲ್ಲಿ ಇರಬೇಕು. ಇವರಿಗೂ ಲಾಟರಿ ಇಲ್ಲ. ನಡುವೆ ಸರಿಯಾದ ಕಾರಣ ಇಲ್ಲದೆ ಬಿಟ್ಟು ಹೋದರೆ ಎರಡು ವರ್ಷದ ನಿಯಮ ಮತ್ತೆ ಬಂದು ಕೂರುತ್ತದೆ.

ಇಲ್ಲಿ ಕ್ಯಾಲೆಂಡರ್ ಮುಖ್ಯ. ರೆಸಿಡೆನ್ಸಿ ಜುಲೈಯಿಂದ ಜೂನ್‌ವರೆಗೆ. ಅಳಿಯ ಈಗ ಎರಡನೇ ವರ್ಷ ಅಂದರೆ ಕೊನೆಯ ವರ್ಷ ಬರುವ ಜುಲೈಗೆ ಶುರು. ರಾಜ್ಯಗಳ ಹೊಸ 30 ಜಾಗ ತೆರೆಯುವುದು ಅಕ್ಟೋಬರ್ 1ಕ್ಕೆ, ಅಥವಾ ಅದರ ಆಸುಪಾಸು. ಆಸ್ಪತ್ರೆ ಜೊತೆ ಸಹಿ ಆದ ಕರಾರು ಇಲ್ಲದೆ ಅರ್ಜಿ ಹಾಕಲು ಬರುವುದಿಲ್ಲ. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಜಾಗ ಬೇಗ ತುಂಬುತ್ತವೆ. ಹಾಗಾಗಿ ಕೆಲಸ ಹುಡುಕುವುದನ್ನು ಈ ಬೇಸಿಗೆಯಲ್ಲೇ ಶುರು ಮಾಡಬೇಕು. 'ಇನ್ನೂ ಒಂದೂವರೆ ವರ್ಷ ಇದೆ' ಅಂತ ಅವರು ಅಂದುಕೊಂಡಿದ್ದರೆ ತಪ್ಪು, ಇರುವುದು ಕೆಲವೇ ತಿಂಗಳು. ಒಂದೊಂದು ರಾಜ್ಯದ ಆರೋಗ್ಯ ಇಲಾಖೆಗೂ ಅದರದ್ದೇ ನಿಯಮ. ಕೆಲವು ಜನರಲ್ ಡಾಕ್ಟರುಗಳಿಗೆ ಮೊದಲ ಮಣೆ ಹಾಕುತ್ತವೆ, ಕೆಲವು ತಜ್ಞರಿಗೂ ಕೊಡುತ್ತವೆ. ಈ ಕಾರ್ಯಕ್ರಮವೇ ಕಾಂಗ್ರೆಸ್ ಆಗಾಗ ಮುಂದುವರಿಸುತ್ತಾ ಬಂದಿರುವಂಥದ್ದು, ಕಾಯಂ ಅಲ್ಲ. ಅರ್ಜಿ ಹಾಕುವ ಹೊತ್ತಿಗೆ ಅದು ಜಾರಿಯಲ್ಲಿದೆಯಾ ಅಂತಲೂ ನೋಡಿಕೊಳ್ಳಲಿ. ಕಾನ್ರಾಡ್ ಅಲ್ಲದೆ ಮಾಜಿ ಸೈನಿಕರ ಆಸ್ಪತ್ರೆಗಳು, ಅಮೆರಿಕದ ಕೇಂದ್ರ ಆರೋಗ್ಯ ಇಲಾಖೆ, ಅಪಲಾಚಿಯನ್ ಮತ್ತು ಡೆಲ್ಟಾ ಪ್ರದೇಶದ ಆಯೋಗಗಳು ಕೂಡ ಡಾಕ್ಟರುಗಳಿಗೆ ಶಿಫಾರಸು ಮಾಡುತ್ತವೆ. ಷರತ್ತು ಹೆಚ್ಚುಕಡಿಮೆ ಅದೇ ಮೂರು ವರ್ಷ.

ಕಾರ್ಡಿಯಾಲಜಿಯೋ ಇನ್ನೊಂದೋ ಮುಂದೆ ಕಲಿಯುವ ಆಸೆ ಇದ್ದರೆ ಅವರು ಈಗಲೇ ಹೇಳಬೇಕು. ಡಾಕ್ಟರ ಜೆ-1 ಸಾಮಾನ್ಯವಾಗಿ ಏಳು ವರ್ಷದವರೆಗೆ ಹೋಗುತ್ತದೆ. ಮೊದಲು ಕಲಿತು ಆಮೇಲೆ ಕಾನ್ರಾಡ್ ಮಾಡಬಹುದು. ಕಾನ್ರಾಡ್ ಶುರು ಮಾಡಿ ನಡುವೆ ಬಿಟ್ಟು ಕಲಿಯಲು ಹೋಗಲು ಆಗುವುದಿಲ್ಲ.

ಮೊಮ್ಮಗನ ವಿಷಯಕ್ಕೆ ಬರುತ್ತೇನೆ. ಹೌದು, ಅಮೆರಿಕದ ಪ್ರಜೆಯಾದ ಮಗುವಿಗೆ ಅಸಾಧಾರಣ ತೊಂದರೆ ಆಗುತ್ತದೆ ಎನ್ನುವುದೂ ವೇವರ್‌ಗೆ ಒಂದು ಆಧಾರ. ಅರ್ಜಿ ಐ-612, ವಲಸೆ ಇಲಾಖೆಗೆ. ಆದರೆ ಎರಡು ಪ್ರಶ್ನೆಗೂ ಉತ್ತರ ಬೇಕು. ಮಗು ಅಪ್ಪ ಅಮ್ಮನ ಜೊತೆ ಭಾರತಕ್ಕೆ ಬಂದರೆ ಅದಕ್ಕೆ ಏನು ಕಷ್ಟ? ಅಮೆರಿಕದಲ್ಲೇ ಉಳಿದು ಅವರನ್ನು ಅಗಲಿ ಇದ್ದರೆ ಏನು ಕಷ್ಟ? ಅಜ್ಜಿ ತಾತ ಇರುವ ಹಾಸನದ ಮನೆಗೆ ಒಂದು ವರ್ಷದ ಆರೋಗ್ಯವಂತ ಮಗು ಬಂದರೆ ಅಸಾಧಾರಣ ತೊಂದರೆ ಏನಾಗುತ್ತದೆ ಅಂತ ಅಧಿಕಾರಿ ಕೇಳಿದರೆ ನಾನೇನು ಹೇಳಲಿ? ಅಗಲಿಕೆಯ ನೋವು ಎಲ್ಲರಿಗೂ ಇರುವಂಥದ್ದು, ಅದನ್ನು ಅವರು ಸಾಕೆಂದು ಒಪ್ಪುವುದಿಲ್ಲ. ಇಲ್ಲಿ ಸಿಗದ ಚಿಕಿತ್ಸೆ ಬೇಕಾದ ಕಾಯಿಲೆ ಇದ್ದರೆ ಮಾತು ಬೇರೆ. ನಿಮ್ಮ ಮೊಮ್ಮಗ ಚೆನ್ನಾಗಿರಲಿ, ಈ ದಾರಿ ಬೇಡ.

ವೇವರ್ ಅಂದರೆ ಗ್ರೀನ್ ಕಾರ್ಡ್ ಅಲ್ಲ ಅಂತಲೂ ಮಕ್ಕಳಿಗೆ ಗೊತ್ತಿರಲಿ. ಅದು ಬಾಗಿಲ ಅಗುಳಿ ತೆಗೆಯುತ್ತದೆ, ಅಷ್ಟೇ. ಬಾಗಿಲಾಚೆ ಭಾರತೀಯರ ಸಾಲು ಎಷ್ಟು ಉದ್ದ ಅಂತ ನಿಮಗೂ ಕಿವಿಗೆ ಬಿದ್ದಿರುತ್ತದೆ.

ಇನ್ನೊಂದು ದಾರಿಯನ್ನು ಯಾರೂ ಕೇಳುವುದಿಲ್ಲ, ನಾನಾಗಿಯೇ ಹೇಳುತ್ತೇನೆ: ಬಂದು ಎರಡು ವರ್ಷ ಇರುವುದು. ಬೆಂಗಳೂರಿನಲ್ಲಿ ಸಂಶೋಧನೆಗೆ ಜಾಗ ಕಡಿಮೆ ಇಲ್ಲ, ಭಾರತೀಯ ವಿಜ್ಞಾನ ಸಂಸ್ಥೆಯೇ ಇದೆ. ಎರಡು ವರ್ಷ ಇಲ್ಲಿ ಕೆಲಸ ಮಾಡಿ, ಗಂಟು ಪೂರ್ತಿ ಕಳಚಿಕೊಂಡು, ಯಾವ ಇಲಾಖೆಯ ಹಂಗೂ ಇಲ್ಲದೆ ವಾಪಸ್ ಹೋದವರು ಇದ್ದಾರೆ. ಹೋಗದೆ ಇಲ್ಲೇ ಉಳಿದವರೂ ಇದ್ದಾರೆ. ಬಾಂಡ್ ಇದ್ದರಂತೂ ಇದನ್ನು ಯೋಚಿಸಲೇಬೇಕು. ನಿಮಗೂ ಒಳಗೊಳಗೇ ಈ ಆಸೆ ಇರಬಹುದು, ಆದರೆ ನೋರಿಗೆ ಓಡಾಡುತ್ತಿರುವವರು ಅದನ್ನು ಬಾಯಿ ಬಿಟ್ಟು ಹೇಳುವುದು ಕಷ್ಟ. ಅಳಿಯನವರ ರೆಸಿಡೆನ್ಸಿ ನಡುವೆ ನಿಂತಿರುವುದರಿಂದ ಈಗ ಆಗಲಿಕ್ಕಿಲ್ಲ, ಸರಿ.

ಈ ವಾರ ಮಾಡಬೇಕಾದದ್ದು ಇಷ್ಟು. ಮಗಳು 2021ರ ಡಿಎಸ್-2019ರ 5ನೇ ಕಲಂ ಫೋಟೋ ತೆಗೆದು ನಿಮಗೆ ಕಳಿಸಲಿ. ಡಿಎಸ್-3035 ತುಂಬಿಲ್ಲದಿದ್ದರೆ ಇವತ್ತು ರಾತ್ರಿಯೇ ತುಂಬಲಿ. ನೀವು ಬೆಂಗಳೂರಿನ ಅರ್ಜಿಯ ಸ್ವೀಕೃತಿ ನಂಬರ್ ಅವಳಿಗೆ ಕೊಡಿ. ಏಜೆಂಟರಿಗೆ ಇನ್ನು ದುಡ್ಡು ಕೊಡಬೇಡಿ. ಈ ಕಚೇರಿಗಳಲ್ಲಿ ಅವರು ಮಾಡುವುದನ್ನು ನೀವೂ ಮಾಡಬಹುದು, ನಾಲ್ಕು ತಿಂಗಳಿಂದ ಮಾಡುತ್ತಲೂ ಇದ್ದೀರಿ.

ಅಳಿಯನವರಿಗೆ ನನ್ನದೊಂದು ಮಾತು ಮುಟ್ಟಿಸಿ. ಕಾನ್ರಾಡ್ ಕೆಲಸ ಹುಡುಕುವಾಗ ಸಂಬಳ ಎಷ್ಟು ಅಂತ ನೋಡುವ ಮುಂಚೆ ನಕ್ಷೆ ತೆಗೆದು, ಆ ಊರಿನಿಂದ ಹೆಂಡತಿಯ ಲ್ಯಾಬ್‌ಗೆ ಕಾರಿನಲ್ಲಿ ಎಷ್ಟು ಹೊತ್ತು ಅಂತ ನೋಡಲಿ. ಡಾಕ್ಟರು ಇಲ್ಲದ ಊರಿನಲ್ಲಿ ವಿಶ್ವವಿದ್ಯಾಲಯವೂ ಇರುವುದು ಅಪರೂಪ. ಒಂದೂವರೆ ಗಂಟೆ ದಾರಿಯಾದರೆ ಮೂರು ವರ್ಷ ಹೇಗೋ ತೂಗಿಸಬಹುದು.